ಲಂಡನ್–ಆಮ್ಸ್ಟರ್‌ಡ್ಯಾಮ್ ವಿಮಾನ: ಹೋಗೋಕೆ 2 ಗಂಟೆ 20 ನಿಮಿಷ, ಬರೋಕೆ ಬರೀ 20 ನಿಮಿಷ. ನಿಜವಾಗಿ ಎಷ್ಟು ಹೊತ್ತು?

ಪ್ರಶ್ನೆ — ಮೇಷ್ಟ್ರ ಮಗಳು, ಆಮ್ಸ್ಟಲ್‌ವೇನ್

ಎಲ್ಲರಿಗೂ ನಮಸ್ಕಾರ. ನಮ್ಮ ಊರು ದಾವಣಗೆರೆ. ಆರು ವರ್ಷದಿಂದ ಆಮ್ಸ್ಟರ್‌ಡ್ಯಾಮ್ ಪಕ್ಕದ ಆಮ್ಸ್ಟಲ್‌ವೇನ್‌ನಲ್ಲಿ ಇದ್ದೇನೆ. ಅಪ್ಪ, ಅಮ್ಮ ಈಗ ಇಂಗ್ಲೆಂಡಿಗೆ, ಅಣ್ಣನ ಮನೆಗೆ ಬಂದಿದ್ದಾರೆ. ಅವನ ಮನೆ ಸ್ಲೌನಲ್ಲಿ, ಹೀತ್ರೋ ಏರ್‌ಪೋರ್ಟಿಗೆ ಹತ್ತಿರ. ಏಪ್ರಿಲ್ ಎರಡನೇ ವಾರ ಇಬ್ಬರನ್ನೂ ಇಲ್ಲಿಗೆ ಕರೆಸಿ ಹತ್ತು ದಿನ ಇಟ್ಟುಕೊಳ್ಳಬೇಕು ಅಂತ ನನ್ನ ಆಸೆ. ವೀಸಾ ತೊಂದರೆ ಇಲ್ಲ. ಬ್ರಿಟನ್ ವೀಸಾ ಇದ್ರೂ ಇಲ್ಲಿಗೆ ಷೆಂಗೆನ್ ವೀಸಾ ಬೇರೆನೇ ಬೇಕು ಅಂತ ಮೊದಲೇ ಗೊತ್ತಿದ್ದರಿಂದ ಊರಲ್ಲೇ ಮಾಡಿಸಿಕೊಂಡು ಬಂದಿದ್ದಾರೆ.

ಮೊನ್ನೆ ಅಣ್ಣ ಒಂದು ವಿಮಾನ ನೋಡಿ ಅದರ ಸ್ಕ್ರೀನ್‌ಶಾಟ್ ಮನೆ ಗ್ರೂಪಿಗೆ ಹಾಕಿದ. ಬೆಳಿಗ್ಗೆ 10:50ಕ್ಕೆ ಹೀತ್ರೋ ಬಿಟ್ಟು ಮಧ್ಯಾಹ್ನ 1:10ಕ್ಕೆ ಇಲ್ಲಿಗೆ. ವಾಪಸ್ ಹೋಗುವಾಗ ಮಧ್ಯಾಹ್ನ 2:30ಕ್ಕೆ ಇಲ್ಲಿಂದ ಬಿಟ್ಟು 2:50ಕ್ಕೆ ಅಲ್ಲಿಗೆ. ಅಪ್ಪ ಲೆಕ್ಕದ ಮೇಷ್ಟ್ರು, 34 ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದವರು. ಹತ್ತೇ ನಿಮಿಷಕ್ಕೆ ಫೋನ್ ಬಂತು.

"ಬರೋಕೆ 2 ಗಂಟೆ 20 ನಿಮಿಷ, ವಾಪಸ್ ಹೋಗೋಕೆ 20 ನಿಮಿಷ ಅಂತ ಹಾಕಿದಾರಲ್ಲಮ್ಮ. ದೂರ ಎಷ್ಟಿದೆ?"

ಮ್ಯಾಪಿನಲ್ಲಿ ನೋಡಿ 370 ಕಿಲೋಮೀಟರ್ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಪೇಪರ್ ತಿರುವಿದ ಸದ್ದು ಮಾತ್ರ. ಆಮೇಲೆ ಹೇಳಿದರು: "ಬರುವಾಗ ಗಂಟೆಗೆ 159 ಕಿಲೋಮೀಟರ್. ಅದು ರೈಲಿನ ವೇಗ. ಹೋಗುವಾಗ 1,110. ಅಷ್ಟು ವೇಗದಲ್ಲಿ ಜನರನ್ನ ಕರೆದುಕೊಂಡು ಹೋಗೋ ವಿಮಾನ ಈಗ ಯಾವುದಿದೆ?"

ಎರಡೂ ಊರಿನ ಗಡಿಯಾರಕ್ಕೆ ಒಂದು ಗಂಟೆ ವ್ಯತ್ಯಾಸ ಇದೆ, ಟಿಕೆಟ್‌ನಲ್ಲಿ ಆಯಾ ಊರಿನ ಟೈಮ್ ಹಾಕ್ತಾರೆ ಅಂತ ಹೇಳಿದೆ. ತಕ್ಷಣ ಒಪ್ಪಿದರು. ಬೆಂಗಳೂರಿಂದ ಬರುವಾಗಲೂ ನೋಡಿದ್ದಾರಲ್ಲ. ಆದರೆ ಅದನ್ನ ಸರಿಮಾಡಿಕೊಂಡರೆ ಎರಡೂ ಕಡೆಗೆ 1 ಗಂಟೆ 20 ನಿಮಿಷ ಆಗುತ್ತೆ. ಆಗ ವೇಗ ಗಂಟೆಗೆ 277 ಕಿಲೋಮೀಟರ್. "ವಿಮಾನ ಇಷ್ಟು ನಿಧಾನ ಹಾರುತ್ತಾ?" ಅಂದರು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ಕಾರಣಕ್ಕೂ ನನಗೆ ಸರಿಯಾದ ಹೊತ್ತು ಗೊತ್ತಾಗಬೇಕು. ಅಮ್ಮನಿಗೆ ಎರಡೂ ಮಂಡಿ ನೋವು. ಬೆಂಗಳೂರಿಂದ ಲಂಡನ್‌ಗೆ ಬಂದ ದಿನ ಕಾಲು ಊದಿಕೊಂಡು ಚಪ್ಪಲಿಯ ಪಟ್ಟಿ ಅಚ್ಚೊತ್ತಿದ ಹಾಗೆ ಮೂಡಿತ್ತು. ಅಣ್ಣ ಫೋಟೋ ಕಳಿಸಿದಾಗ ನನಗೆ ಅಳು ಬಂತು. ಈಗ ಇಳಿದಿದೆ. ಆದರೆ ಮತ್ತೆ ಆ ಥರ ಆಗಬಾರದು. ಒಂದೇ ಕಡೆ ಒಂದು ಗಂಟೆಗಿಂತ ಜಾಸ್ತಿ ಕೂತರೆ ಏಳೋದು ಕಷ್ಟ, ತುಂಬಾ ದೂರ ನಡೆಯೋದೂ ಕಷ್ಟ. ನಿಜವಾಗಿ ಸೀಟಿನಲ್ಲಿ ಎಷ್ಟು ಹೊತ್ತು ಕೂರಬೇಕು? ಮನೆ ಬಾಗಿಲಿಂದ ಮನೆ ಬಾಗಿಲಿಗೆ ಎಷ್ಟು ಹೊತ್ತು? ರೈಲೇ ವಾಸಿನಾ? ಹೋಗಿ ಬಂದವರು ಹೇಳಿ.

(ಅಪ್ಪನ ಒಂದು ಬೇಡಿಕೆ ಇದೆ. ದಾರಿಯಲ್ಲಿ ಸಮುದ್ರ ಕಾಣಬೇಕಂತೆ. ಬೆಂಗಳೂರಿಂದ ಬರುವಾಗ ನಡುವಿನ ಸೀಟು ಸಿಕ್ಕಿ ಏನೂ ನೋಡಲಿಲ್ಲ ಅಂತ ಇನ್ನೂ ಬೇಜಾರಿದೆ.)

ಉತ್ತರ 1 — ಹುಬ್ಬಳ್ಳಿ ಹುಡುಗ, ಹೌನ್ಸ್‌ಲೋ

ಅಕ್ಕಾ, 370 ಸರಿಯಾಗೇ ಇದೆ. ಹೀತ್ರೋದಿಂದ ಸ್ಕಿಪೋಲ್‌ಗೆ, ಅಂದ್ರೆ ಆಮ್ಸ್ಟರ್‌ಡ್ಯಾಮ್ ಏರ್‌ಪೋರ್ಟಿಗೆ, ನೇರ ಗೆರೆ ಎಳೆದರೆ ಅಷ್ಟೇ ಬರುತ್ತೆ. ವಿಮಾನದವರ ಲೆಕ್ಕದಲ್ಲಿ ಹೇಳಿದರೆ 200 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಅಂದ್ರೆ 1.852 ಕಿಲೋಮೀಟರ್. ಗುಣಿಸಿ ನೋಡೋಕೆ ಮೇಷ್ಟ್ರಿಗೆ ಹೇಳಿ, ಖುಷಿಪಡ್ತಾರೆ.

ನಮ್ಮ ಕಡೆಯ ಅಂದಾಜು ಬೇಕು ಅಂದ್ರೆ ಬೆಂಗಳೂರು ಏರ್‌ಪೋರ್ಟಿಂದ ಹುಬ್ಬಳ್ಳಿ ಏರ್‌ಪೋರ್ಟಿಗೆ ನೇರ ಗೆರೆ ಎಳೆಯಿರಿ. ಹೆಚ್ಚುಕಮ್ಮಿ ಇಷ್ಟೇ ದೂರ. ನಾನು ಊರಿಗೆ ಹೋದಾಗಲೆಲ್ಲ ಆ ವಿಮಾನದಲ್ಲಿ ಹೋಗ್ತೀನಿ. ಅಲ್ಲೂ ಟಿಕೆಟ್‌ನಲ್ಲಿ ಒಂದು ಗಂಟೆ ಚಿಲ್ಲರೆ ಅಂತಾನೇ ಇರುತ್ತೆ. ಮೇಲೆ ಏರಿ ನೀರು ಕುಡಿದು ಬಾಟಲಿ ಮುಚ್ಚೋದರೊಳಗೆ ಇಳಿಯೋಕೆ ಶುರು ಮಾಡಿರುತ್ತೆ. ನಿಮ್ಮ ಲಂಡನ್–ಆಮ್ಸ್ಟರ್‌ಡ್ಯಾಮ್ ಕೂಡ ಅದೇ ಥರ. ನಡುವೆ ಹೊಲದ ಬದಲು ಸಮುದ್ರ ಇದೆ, ಅಷ್ಟೇ.

ರಸ್ತೆ ಲೆಕ್ಕ ಬೇರೆ. ಸಮುದ್ರ ದಾಟೋಕೆ ಫೋಕ್‌ಸ್ಟನ್ ತನಕ ಕೆಳಗೆ ಇಳಿದು, ಕಾರನ್ನ ರೈಲಿಗೆ ಹತ್ತಿಸಿ, ಕ್ಯಾಲೆಯಲ್ಲಿ ಇಳಿದು, ಬೆಲ್ಜಿಯಂ ದಾಟಿ ಬರಬೇಕು. 500 ಕಿಲೋಮೀಟರ್ ದಾಟುತ್ತೆ. ಅಮ್ಮನ ಮಂಡಿಗೆ ಅದಂತೂ ಬೇಡವೇ ಬೇಡ.

ಉತ್ತರ 2 — ರ‍್ಯಾಂಪ್ ರಂಗಣ್ಣ

ತಂಗೀ, ನಿಮ್ಮ ತಂದೆಯವರು ಕೇಳಿದ 277ರ ಪ್ರಶ್ನೆಗೆ ನಾನು ಉತ್ತರ ಹೇಳ್ತೀನಿ. ಹನ್ನೊಂದು ವರ್ಷ ಏರ್‌ಪೋರ್ಟ್ ರ‍್ಯಾಂಪಿನಲ್ಲಿ ಕೆಲಸ ಮಾಡಿದ್ದೇನೆ. ವಿಮಾನದ ಗಾಲಿಗೆ ಚಾಕ್ಸ್ ಇಡೋದು, ತೆಗೆಯೋದು, ಪುಶ್‌ಬ್ಯಾಕ್ ಮಾಡಿಸೋದು (ವಿಮಾನವನ್ನ ಗೇಟಿಂದ ಹಿಂದಕ್ಕೆ ತಳ್ಳಿಸೋದು) ನನ್ನ ಕೆಲಸವಾಗಿತ್ತು.

ಟಿಕೆಟ್‌ನಲ್ಲಿ ಇರೋದು ಹಾರುವ ಹೊತ್ತಲ್ಲ. ಅದನ್ನ ನಾವು ಬ್ಲಾಕ್ ಟೈಮ್ ಅಂತೀವಿ. ಗಾಲಿಯ ಮುಂದಿನ ಚಾಕ್ಸ್ ತೆಗೆದು ವಿಮಾನ ಗೇಟಿಂದ ಅಲುಗಿದ ಕ್ಷಣದಿಂದ, ಆ ಕಡೆಯ ಗೇಟಿನಲ್ಲಿ ನಿಂತು ಮತ್ತೆ ಚಾಕ್ಸ್ ಇಡುವ ಕ್ಷಣದ ತನಕ. ನಡುವೆ ನೆಲದ ಮೇಲೆ ಉರುಳೋದೂ ಸೇರುತ್ತೆ, ಸಾಲಿನಲ್ಲಿ ಕಾಯೋದೂ ಸೇರುತ್ತೆ. ಹೀತ್ರೋದಲ್ಲಿ ರನ್‌ವೇ ಇರೋದು ಎರಡೇ. ಒಂದರಲ್ಲಿ ಏರ್ತಾವೆ, ಇನ್ನೊಂದರಲ್ಲಿ ಇಳೀತಾವೆ. ಮುಂದೆ ಏಳೆಂಟು ವಿಮಾನ ನಿಂತಿದ್ದರೆ ಸರದಿ ಬರೋ ತನಕ ಸುಮ್ನೆ ನಿಲ್ಲಬೇಕು. ಅಲ್ಲೇ 15ರಿಂದ 20 ನಿಮಿಷ ಹೋಗುತ್ತೆ.

ಇಳಿಯೋ ಕಡೆಯ ಕತೆ ಇನ್ನೂ ಚೆನ್ನಾಗಿದೆ. ಸ್ಕಿಪೋಲ್‌ನಲ್ಲಿ ಆರು ರನ್‌ವೇ. ಅದರಲ್ಲಿ ಪೋಲ್ಡರ್‌ಬಾನ್ ಅಂತ ಒಂದಿದೆ. 2003ರಲ್ಲಿ ಶುರುವಾಯಿತು, 3,800 ಮೀಟರ್ ಉದ್ದ. ಊರಿನ ಜನಕ್ಕೆ ಸದ್ದು ಕಮ್ಮಿ ಆಗಲಿ ಅಂತ ಟರ್ಮಿನಲ್‌ನಿಂದ ದೂರ, ಪಶ್ಚಿಮದ ಕಡೆ ಹೊಲಗಳ ನಡುವೆ ಹಾಕಿದ್ದಾರೆ. ಅದರಲ್ಲಿ ಇಳಿದರೆ ಗೇಟಿಗೆ ಬರೋಕೇ ಹತ್ತು ಹದಿನೈದು ನಿಮಿಷ ಬೇಕು. ಹೊಸಬರು, ವಿಮಾನ ರಸ್ತೆ ಮೇಲೇ ಮನೆ ತನಕ ಹೋಗುತ್ತೇನೋ ಅಂದುಕೊಳ್ತಾರೆ.

ಹೀಗೆ 1 ಗಂಟೆ 20 ನಿಮಿಷದಲ್ಲಿ ಗಾಳಿಯಲ್ಲಿ ಇರೋದು 40–45 ನಿಮಿಷ ಅಷ್ಟೇ. ಆ 45 ನಿಮಿಷದಲ್ಲೂ ಪೂರ್ತಿ ವೇಗ ಇರಲ್ಲ. ಇಷ್ಟು ಹತ್ತಿರದ ಊರಿಗೆ ಹೋಗುವಾಗ ವಿಮಾನ ಅರ್ಧ ಹೊತ್ತು ಏರ್ತಾ ಇರುತ್ತೆ, ಉಳಿದರ್ಧ ಇಳೀತಾ ಇರುತ್ತೆ. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್ಸ್, ಅಂದರೆ ಗಂಟೆಗೆ ಸುಮಾರು 460 ಕಿಲೋಮೀಟರ್ ಒಳಗೇ ಇರಬೇಕು. ಜೊತೆಗೆ ಹೀತ್ರೋದಲ್ಲಿ ಗಾಳಿ ಬಹುತೇಕ ಪಶ್ಚಿಮದಿಂದ ಬೀಸುತ್ತೆ. ವಿಮಾನ ಗಾಳಿಗೆ ಎದುರಾಗಿ ಏರಬೇಕು. ಆಮ್ಸ್ಟರ್‌ಡ್ಯಾಮ್ ಇರೋದು ಪೂರ್ವಕ್ಕೆ, ಏರೋದು ಪಶ್ಚಿಮಕ್ಕೆ. ಮೊದಲು ಸ್ಲೌ ಕಡೆಗೇ ಏರಿ, ತಿರುಗಿ, ಲಂಡನ್‌ನ ಉತ್ತರಕ್ಕೆ ಬಳಸಿ ಹೋಗುತ್ತೆ. 370 ಅನ್ನೋದು ನಕ್ಷೆಯ ಗೆರೆ. ಹಾರೋ ದಾರಿ ಅದಕ್ಕಿಂತ ಜಾಸ್ತಿ.

ವಾಪಸ್ ಬರುವಾಗ ಇನ್ನೊಂದು ವಿಷಯ. ಹೀತ್ರೋಗೆ ಬರೋ ವಿಮಾನಗಳನ್ನ ನಾಲ್ಕು ಜಾಗದಲ್ಲಿ ಗಾಳಿಯಲ್ಲೇ ಸುತ್ತಿಸಿ ಕಾಯಿಸ್ತಾರೆ. ಬೋವಿಂಗ್ಡನ್, ಲ್ಯಾಂಬೋರ್ನ್, ಒಕ್‌ಹ್ಯಾಮ್, ಬಿಗ್ಗಿನ್ ಅಂತ ಹೆಸರು. ಆಮ್ಸ್ಟರ್‌ಡ್ಯಾಮ್ ಕಡೆಯಿಂದ ಬರೋದಕ್ಕೆ ಲ್ಯಾಂಬೋರ್ನ್. ಒಂದು ಸುತ್ತಿಗೆ ಸುಮಾರು ನಾಲ್ಕು ನಿಮಿಷ. ಎರಡು ಮೂರು ಸುತ್ತು ಹೊಡೆದರೂ ಹೊತ್ತು ಮೀರಬಾರದು ಅಂತ ಟಿಕೆಟ್‌ನಲ್ಲಿ ಮೊದಲೇ ಸ್ವಲ್ಪ ಜಾಸ್ತಿ ಹಾಕಿರ್ತಾರೆ. ಸುತ್ತು ಇಲ್ಲದ ದಿನ ಬೇಗ ತಲುಪುತ್ತೆ.

ಅಮ್ಮನ ವಿಚಾರ. ವ್ಹೀಲ್‌ಚೇರ್ ಬುಕ್ ಮಾಡೋಕೆ ಹಿಂದೆಮುಂದೆ ನೋಡಬೇಡಿ. ಯುರೋಪ್‌ನಲ್ಲೂ ಬ್ರಿಟನ್‌ನಲ್ಲೂ ಅದು ಕಾನೂನು ಕೊಟ್ಟ ಹಕ್ಕು. ಒಂದು ಪೈಸೆ ಕೊಡಬೇಕಾಗಿಲ್ಲ. ಹೊರಡೋ 48 ಗಂಟೆ ಮೊದಲು ಏರ್‌ಲೈನಿಗೆ ಹೇಳಿ. ನಮ್ಮ ಕಡೆಯ ಹಿರಿಯರು "ನನಗೇನಾಗಿದೆ, ನಡೀತೀನಿ" ಅಂತ ಸಂಕೋಚಪಡ್ತಾರೆ. ಗೇಟಿನ ತನಕ ನಡೆಯೋ ದೂರ ಅವರಿಗೆ ಗೊತ್ತಿರಲ್ಲ. ನಡೆದು ಸುಸ್ತಾಗಿ ಅರ್ಧದಲ್ಲಿ ನಿಂತವರನ್ನ ನಾನು ಎಷ್ಟೋ ಸಲ ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳ್ತಿದ್ದೇನೆ.

ಮತ್ತೆ — ಮೇಷ್ಟ್ರ ಮಗಳು

ರಂಗಣ್ಣ ಅವರೇ, ತುಂಬಾ ಥ್ಯಾಂಕ್ಸ್. ನೀವು ಬರೆದದ್ದನ್ನ ಅಪ್ಪನಿಗೆ ಫೋನಿನಲ್ಲಿ ಓದಿದೆ. "ಚಾಕ್ಸ್ ಅಂದ್ರೆ ಎತ್ತಿನ ಗಾಡಿ ಇಳಿಜಾರಲ್ಲಿ ನಿಲ್ಲಿಸಿದಾಗ ಚಕ್ರಕ್ಕೆ ಕಲ್ಲು ಕೊಡ್ತೀವಲ್ಲ, ಅದೇ" ಅಂತ ಅಮ್ಮನಿಗೆ ಬಿಡಿಸಿ ಹೇಳಿದರು. ವ್ಹೀಲ್‌ಚೇರ್‌ಗೆ ಅಮ್ಮ ಒಪ್ಪಿದ್ದಾರೆ.

ಅಪ್ಪನಿಗೆ ಇನ್ನೊಂದು ಪ್ರಶ್ನೆ ಹುಟ್ಟಿದೆ. ನಮ್ಮ ದೇಶದಲ್ಲಿ ದ್ವಾರಕೆಗೂ ಅರುಣಾಚಲಕ್ಕೂ ಸೂರ್ಯ ಹುಟ್ಟೋದರಲ್ಲಿ ಎರಡು ಗಂಟೆ ಹತ್ತಿರ ವ್ಯತ್ಯಾಸ ಇದೆ. ಆದರೂ ಗಡಿಯಾರ ಒಂದೇ. ಇಲ್ಲಿ 370 ಕಿಲೋಮೀಟರಿಗೆ ಒಂದು ಗಂಟೆ ಬದಲಾಗುತ್ತೆ. ರೇಖಾಂಶದ ಲೆಕ್ಕ ಹಾಕಿದರೆ 20 ನಿಮಿಷ ಮಾತ್ರ ಬರಬೇಕು ಅಂತ ಅವರ ವಾದ. ಒಂದು ಡಿಗ್ರಿಗೆ ನಾಲ್ಕು ನಿಮಿಷ, ಆಮ್ಸ್ಟರ್‌ಡ್ಯಾಮ್ ಇರೋದು ಐದು ಡಿಗ್ರಿಗೆ ಸ್ವಲ್ಪ ಕಮ್ಮಿ. ಉಳಿದ 40 ನಿಮಿಷ ಎಲ್ಲಿಂದ ಬಂತು? ಯಾರಿಗಾದರೂ ಗೊತ್ತಾ?

ಉತ್ತರ 3 — ಹಳೇ ನಕ್ಷೆ, ಲೈಡನ್

ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಅವರು ಹಾಕಿದ 20 ನಿಮಿಷದ ಲೆಕ್ಕ ಸರಿ. ಒಂದು ಕಾಲದಲ್ಲಿ ಇಲ್ಲಿನ ಗಡಿಯಾರವೂ ಹಾಗೇ ಇತ್ತು.

1909ರಿಂದ ನೆದರ್‌ಲ್ಯಾಂಡ್ಸ್ ಇಡೀ ದೇಶಕ್ಕೆ ಆಮ್ಸ್ಟರ್‌ಡ್ಯಾಮ್ ಟೈಮ್ ಅಂತ ಇಟ್ಟುಕೊಂಡಿತ್ತು. ಗ್ರೀನಿಚ್‌ಗಿಂತ 19 ನಿಮಿಷ 32 ಸೆಕೆಂಡು ಮುಂದೆ. ಆ ಸೆಕೆಂಡುಗಳ ತಾಪತ್ರಯ ಬೇಡ ಅಂತ 1937ರಲ್ಲಿ ಸರಿಯಾಗಿ 20 ನಿಮಿಷ ಮಾಡಿದರು. 1940ರ ಮೇ ತಿಂಗಳಲ್ಲಿ ಜರ್ಮನಿಯವರು ದೇಶವನ್ನ ಹಿಡಿದರು. ಹಿಡಿದ ಕೆಲವೇ ದಿನದಲ್ಲಿ ಗಡಿಯಾರವನ್ನ ಬರ್ಲಿನ್ ಟೈಮಿಗೆ ತಿರುಗಿಸಿದರು. ಯುದ್ಧ ಮುಗಿದು ಅವರು ಹೋದರು, ಟೈಮ್ ಮಾತ್ರ ಉಳಿಯಿತು. ಮೇಷ್ಟ್ರು ಕೇಳಿದ 40 ನಿಮಿಷ ಬಂದಿದ್ದು ಅಲ್ಲಿಂದ.

ಈ ದೇಶಕ್ಕೆ ಬಂದ ಹೊಸದರಲ್ಲಿ ಜೂನ್ ತಿಂಗಳಲ್ಲಿ ರಾತ್ರಿ ಹತ್ತಾದರೂ ಬೆಳಕಿರೋದು ನೋಡಿ ನನಗೆ ಆಶ್ಚರ್ಯ ಆಗ್ತಿತ್ತು. ಉತ್ತರದ ಊರು, ಅದಕ್ಕೇ ಅಂದುಕೊಂಡಿದ್ದೆ. ಅದೂ ಹೌದು. ಆದರೆ ಗಡಿಯಾರ ಸೂರ್ಯನಿಗಿಂತ ಮುಂದೆ ಓಡ್ತಾ ಇದೆ ಅನ್ನೋದೂ ಒಂದು ಕಾರಣ.

ಬೇಸಿಗೆ ಟೈಮ್ ಬಗ್ಗೆ ಗಾಬರಿ ಬೇಡ. ಮಾರ್ಚ್ ಕೊನೇ ಭಾನುವಾರ ಎರಡೂ ದೇಶದಲ್ಲಿ ಒಂದೇ ಕ್ಷಣಕ್ಕೆ ಗಡಿಯಾರ ಮುಂದೆ ಹೋಗುತ್ತೆ, ಅಕ್ಟೋಬರ್ ಕೊನೇ ಭಾನುವಾರ ಒಟ್ಟಿಗೇ ಹಿಂದೆ ಬರುತ್ತೆ. ವ್ಯತ್ಯಾಸ ವರ್ಷವಿಡೀ ಒಂದೇ ಗಂಟೆ.

ಇನ್ನೊಂದು ಮಾತು. ಈ ದಾರಿ ವಿಮಾನಗಳಿಗೆ ತುಂಬಾ ಹಳೇದು. ಇಲ್ಲಿನ ಏರ್‌ಲೈನ್ ಕೆಎಲ್‌ಎಂ ಮೊಟ್ಟಮೊದಲು ಹಾರಿಸಿದ ವಿಮಾನ ಇದೇ ದಾರಿಯದ್ದು. 1920ರ ಮೇ 17, ಲಂಡನ್‌ನ ಕ್ರಾಯ್ಡನ್‌ನಿಂದ ಸ್ಕಿಪೋಲ್‌ಗೆ. ಒಳಗೆ ಇಬ್ಬರು ಪತ್ರಕರ್ತರು, ಒಂದಿಷ್ಟು ನ್ಯೂಸ್‌ಪೇಪರ್. ಸ್ಕಿಪೋಲ್ ಇರೋ ಜಾಗವೂ ವಿಶೇಷ. ಅದು ಮೊದಲು ದೊಡ್ಡ ಸರೋವರ. 1852ರ ಹೊತ್ತಿಗೆ ಉಗಿ ಪಂಪುಗಳಿಂದ ನೀರು ಎತ್ತಿ ಹಾಕಿ ನೆಲ ಮಾಡಿದರು. ಈಗಲೂ ಏರ್‌ಪೋರ್ಟ್ ಸಮುದ್ರ ಮಟ್ಟಕ್ಕಿಂತ ಸುಮಾರು 3 ಮೀಟರ್ ಕೆಳಗಿದೆ. ನಿಮ್ಮ ಅಪ್ಪ ಅಮ್ಮ ಇಳಿಯೋದು ಒಂದು ಕೆರೆಯ ಅಂಗಳದಲ್ಲಿ.

ಉತ್ತರ 4 — ಸೊಸೆ, ಹೇಗ್

ನಾನು ಹೋದ ವರ್ಷ ನಮ್ಮ ಅತ್ತೆಯವರನ್ನ ಲಂಡನ್‌ನಿಂದ ರೈಲಿನಲ್ಲಿ ಕರೆದುಕೊಂಡು ಬಂದೆ. ಅವರಿಗೂ ಮಂಡಿ ನೋವು. ಅದಕ್ಕೇ ಬರೀತಿದ್ದೇನೆ.

ಯೂರೋಸ್ಟಾರ್ ಸೇಂಟ್ ಪ್ಯಾಂಕ್ರಾಸ್‌ನಿಂದ ಆಮ್ಸ್ಟರ್‌ಡ್ಯಾಮ್ ಸೆಂಟ್ರಾಲ್‌ಗೆ ನೇರ ಬರುತ್ತೆ, ಸುಮಾರು 4 ಗಂಟೆ. ಸ್ಟೇಷನ್ ಕೆಲಸ ಅಂತ ಆಮ್ಸ್ಟರ್‌ಡ್ಯಾಮ್‌ನಿಂದ ಲಂಡನ್‌ಗೆ ಹೋಗೋ ನೇರ ರೈಲನ್ನ 2024ರಲ್ಲಿ ಕೆಲವು ತಿಂಗಳು ನಿಲ್ಲಿಸಿದ್ದರು. 2025ರ ಫೆಬ್ರವರಿಯಿಂದ ಮತ್ತೆ ಓಡ್ತಿದೆ. ರೈಲಿನ ದೊಡ್ಡ ಅನುಕೂಲ ಅಂದ್ರೆ ಬೇಕಾದಾಗ ಎದ್ದು ಓಡಾಡಬಹುದು. ಅತ್ತೆ ಅರ್ಧ ಗಂಟೆಗೊಮ್ಮೆ ಎದ್ದು, ಸೀಟುಗಳನ್ನ ಹಿಡಿದುಕೊಂಡು ಬೋಗಿಯ ಆ ತುದಿ ತನಕ ಹೋಗಿ ಬರ್ತಿದ್ದರು. ಕಾಲು ಊದಲಿಲ್ಲ. ಪಾಸ್‌ಪೋರ್ಟ್ ನೋಡೋದೂ ಲಂಡನ್ನಿನಲ್ಲೇ ಮುಗಿಯುತ್ತೆ. ಇಲ್ಲಿ ಇಳಿದರೆ ನೇರ ಹೊರಗೆ. ಸ್ಕಿಪೋಲ್‌ನಲ್ಲಿ ಹಾಗಲ್ಲ, ಬ್ರಿಟನ್‌ನಿಂದ ಬಂದವರು ಪಾಸ್‌ಪೋರ್ಟ್ ಸಾಲಿನಲ್ಲಿ ನಿಲ್ಲಬೇಕು. 2025ರ ಅಕ್ಟೋಬರ್ 12ರಿಂದ ಯುರೋಪ್ ಗಡಿಯಲ್ಲಿ ಹೊಸ ದಾಖಲೆ ಪದ್ಧತಿ ಶುರುವಾಗಿದೆ. ಮೊದಲ ಸಲ ಬರುವವರ ಫೋಟೋ ತೆಗೆದು ಹೆಸರು ಸೇರಿಸೋಕೆ ಹೊತ್ತು ಹಿಡಿಯುತ್ತೆ.

ಆದರೆ ನಿಮ್ಮ ಅಣ್ಣ ಸ್ಲೌನಲ್ಲಿ ಇದ್ದಾರೆ, ಅದನ್ನ ಮರೀಬೇಡಿ. ಮನೆಯಿಂದ ಮನೆಗೆ ಹೀಗೆ ಆಗುತ್ತೆ. ವಿಮಾನ ಆದರೆ ಕಾರಿನಲ್ಲಿ ಹೀತ್ರೋಗೆ ಅರ್ಧ ಗಂಟೆ, ಎರಡು ಗಂಟೆ ಮೊದಲು ಅಲ್ಲಿರಬೇಕು, 1 ಗಂಟೆ 20 ನಿಮಿಷ ವಿಮಾನ, ಪಾಸ್‌ಪೋರ್ಟ್ ಮತ್ತು ಬ್ಯಾಗಿಗೆ ಒಂದು ಗಂಟೆ, ಅಲ್ಲಿಂದ ನಿಮ್ಮ ಮನೆಗೆ ಅರ್ಧ ಗಂಟೆ. ಐದೂಕಾಲು, ಐದೂವರೆ ಗಂಟೆ. ರೈಲಾದರೆ ಸ್ಲೌನಿಂದ ಎಲಿಜಬೆತ್ ಲೈನ್ ಹಿಡಿದು ಫ್ಯಾರಿಂಗ್ಡನ್‌ನಲ್ಲಿ ಬದಲಾಯಿಸಿ ಸೇಂಟ್ ಪ್ಯಾಂಕ್ರಾಸ್‌ಗೆ ಬರಬೇಕು. ಲಗೇಜ್ ಜೊತೆ ಒಂದೂಕಾಲು ಗಂಟೆ ಇಟ್ಟುಕೊಳ್ಳಿ. ಅಲ್ಲಿ ಒಂದೂಕಾಲು ಗಂಟೆ ಮೊದಲು, ಮತ್ತೆ 4 ಗಂಟೆ, ಸೆಂಟ್ರಾಲ್‌ನಿಂದ ಮೆಟ್ರೋ, ಟ್ರ್ಯಾಮ್ ಸೇರಿ ಮುಕ್ಕಾಲು ಗಂಟೆ. ಏಳು ಗಂಟೆ ದಾಟುತ್ತೆ. ನಾನಾಗಿದ್ದರೆ ಬರುವಾಗ ವಿಮಾನ, ಹೋಗುವಾಗ ರೈಲು ಮಾಡಿಸ್ತಿದ್ದೆ. ಬರುವಾಗ ಅಣ್ಣ ಜೊತೆಗಿರಲ್ಲ, ಬೇಗ ತಲುಪೋದು ಒಳ್ಳೇದು. ಹೋಗುವಾಗ ನೀವೇ ಆಮ್ಸ್ಟರ್‌ಡ್ಯಾಮ್‌ನಲ್ಲಿ ಕೂರಿಸಬಹುದು, ಲಂಡನ್‌ನಲ್ಲಿ ಅಣ್ಣ ಇಳಿಸಿಕೊಳ್ಳಬಹುದು.

ಅಮ್ಮ ಉಪ್ಪಿನಕಾಯಿ ತರ್ತಾರೆ ಅಲ್ವಾ? ವಿಮಾನದಲ್ಲಿ ಅದು ಚೆಕ್‌ಇನ್ ಬ್ಯಾಗಿನಲ್ಲೇ ಇರಲಿ, ಕೈಚೀಲದಲ್ಲಿ ಇಟ್ಟರೆ ಸೆಕ್ಯೂರಿಟಿಯಲ್ಲಿ ತೆಗೆದಿಡಬೇಕಾಗಬಹುದು. ತುಪ್ಪ ಮಾತ್ರ ಬೇಡ. ಬ್ರಿಟನ್‌ನಿಂದ ಯುರೋಪಿಗೆ ಹಾಲಿನ ಪದಾರ್ಥ ತರೋ ಹಾಗಿಲ್ಲ. ರೈಲಾದರೂ ಅಷ್ಟೇ, ವಿಮಾನವಾದರೂ ಅಷ್ಟೇ. ನಮ್ಮ ಅತ್ತೆ ಮನೆಯಲ್ಲೇ ಕಾಯಿಸಿದ ಒಂದು ಡಬ್ಬ ತುಪ್ಪ ಲಂಡನ್‌ನಲ್ಲೇ ಬಿಟ್ಟು ಬರಬೇಕಾಯ್ತು. ದಾರಿಯುದ್ದಕ್ಕೂ ಅದನ್ನೇ ನೆನೆಸಿಕೊಂಡರು.

ಉತ್ತರ 5 — ಕಿಟಕಿ ಸೀಟು

ಮೇಷ್ಟ್ರ ಸಮುದ್ರದ ಬಗ್ಗೆ ಯಾರೂ ಹೇಳಲೇ ಇಲ್ಲ! ಈ ದಾರಿಯಲ್ಲಿ ನಾನು ಕೆಲಸಕ್ಕಾಗಿ ತಿಂಗಳಿಗೆ ಎರಡು ಸಲ ಓಡಾಡ್ತೀನಿ. ಬೆಳಿಗ್ಗೆ 11ರ ಹೊತ್ತಿಗೆ ಬಿಸಿಲು ಬಲಗಡೆಯಿಂದ ಬರುತ್ತೆ. ಅದಕ್ಕೇ ಎಡಗಡೆ ಕಿಟಕಿ ತಗೊಳ್ಳಿ, ರೆಕ್ಕೆಯ ಮೇಲಲ್ಲ, ಹಿಂದೆ. ಸೀಟಿನ ಅಕ್ಷರ ಎ.

ಇಂಗ್ಲೆಂಡಿನ ತೀರ ದಾಟಿದ ಮೇಲೆ ನೀರಿನ ಮೇಲೆ ಬಿಳಿ ಕಡ್ಡಿಗಳನ್ನ ಸಾಲಾಗಿ ಚುಚ್ಚಿದ ಹಾಗೆ ಕಾಣುತ್ತೆ. ಅವು ಸಮುದ್ರದಲ್ಲೇ ನಿಲ್ಲಿಸಿದ ಗಾಳಿಯಂತ್ರಗಳು. ವಿಮಾನ ಇಲ್ಲಿ ದೂರದ ವಿಮಾನಗಳಷ್ಟು ಮೇಲಕ್ಕೆ ಏರಲ್ಲ. ಮೋಡ ಇಲ್ಲದಿದ್ದರೆ ಹಡಗಿನ ಹಿಂದೆ ಬೀಳೋ ಬಿಳಿ ಗೆರೆಯೂ ಕಾಣುತ್ತೆ. ಏಪ್ರಿಲ್ ಅಂದ್ರೆ ಟುಲಿಪ್ ಕಾಲ. ಲಿಸ್ಸೆ ಸುತ್ತಮುತ್ತ ಹೊಲಗಳು ಸೀರೆ ಅಂಗಡಿಯಲ್ಲಿ ಥಾನು ಬಿಚ್ಚಿ ಹಾಸಿದ ಹಾಗೆ ಇರ್ತವೆ. ಆದರೆ ಅದು ಕಾಣೋದು ವಿಮಾನ ನೈಋತ್ಯದ ಕಡೆಯಿಂದ ಇಳಿದರೆ ಮಾತ್ರ. ಪೋಲ್ಡರ್‌ಬಾನ್ ಸಿಕ್ಕಿದರೆ ಕಾಣಲ್ಲ. ಆಮೇಲೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ತೋರಿಸಿ.

ಮತ್ತೆ — ಮೇಷ್ಟ್ರ ಮಗಳು

ಎಲ್ಲರಿಗೂ ಹೇಳಲೇಬೇಕು ಅಂತ ಬರೀತಿದ್ದೇನೆ. ಅಪ್ಪ, ಅಮ್ಮ ನಿನ್ನೆ ಬಂದರು.

ಅಪ್ಪ ಒಂದು ಚಿಕ್ಕ ನೋಟ್‌ಬುಕ್ ಹಿಡಿದುಕೊಂಡು ಕೂತಿದ್ದರಂತೆ. ಕೈಗಡಿಯಾರವನ್ನ ಲಂಡನ್ ಟೈಮಿನಲ್ಲೇ ಬಿಟ್ಟಿದ್ದರು. ಮನೆಗೆ ಬಂದು ಕಾಫಿ ಕುಡಿಯೋಕೂ ಮೊದಲು ನನಗೆ ಆ ಪುಟ ತೋರಿಸಿದರು. ಸ್ಕೇಲ್ ಇಟ್ಟು ಗೆರೆ ಹಾಕಿದ್ದಾರೆ. ಗೇಟಿಂದ ಅಲುಗಿದ್ದು 10:58. ನೆಲ ಬಿಟ್ಟಿದ್ದು 11:17. ನೆಲ ಮುಟ್ಟಿದ್ದು 12:00. ಗೇಟಿಗೆ ನಿಂತಿದ್ದು 12:16. ಪಕ್ಕದಲ್ಲಿ 19, 43, 16, ಒಟ್ಟು 78 ಅಂತ ಕೆಂಪು ಪೆನ್ನಿನಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾರೆ. ನಾವು ಚಿಕ್ಕವರಿದ್ದಾಗ ನಮ್ಮ ಮಾರ್ಕ್ಸ್ ಕೂಡಿಸುತ್ತಿದ್ದದ್ದೂ ಹೀಗೇ. ಎಂಟು ನಿಮಿಷ ತಡವಾಗಿ ಹೊರಟರೂ ಹೇಳಿದ್ದು 12:10, ತಲುಪಿದ್ದು 12:16. ರಂಗಣ್ಣ ಅವರೇ, ನೀವು ಹೇಳಿದ 40–45 ನಿಮಿಷಕ್ಕೆ ಅಪ್ಪ ಪೂರ್ತಿ ಮಾರ್ಕ್ಸ್ ಕೊಟ್ಟಿದ್ದಾರೆ. ಗಾಳಿಯಲ್ಲಿ ಸರಾಸರಿ ವೇಗ ಗಂಟೆಗೆ 516 ಕಿಲೋಮೀಟರ್ ಅಂತ ಕೊನೇ ಸಾಲು. ಅದರ ಕೆಳಗೆ "ನಕ್ಷೆಯ ದೂರಕ್ಕೆ ಮಾತ್ರ" ಅಂತ ಸಣ್ಣ ಅಕ್ಷರದಲ್ಲಿ ಸೇರಿಸಿದ್ದಾರೆ.

ಸಮುದ್ರ ಕಂಡಿತು. ಗಾಳಿಯಂತ್ರಗಳನ್ನ ಎಣಿಸೋಕೆ ಹೋಗಿ 60ರ ಹತ್ತಿರ ಲೆಕ್ಕ ತಪ್ಪಿತಂತೆ. ಇಳಿದದ್ದು ಪೋಲ್ಡರ್‌ಬಾನ್‌ನಲ್ಲೇ, ಹಾಗಾಗಿ ಟುಲಿಪ್ ಕಾಣಲಿಲ್ಲ. ಆದರೆ ಗೇಟಿಗೆ ಬರುವಾಗ ವಿಮಾನ ಒಂದು ಸೇತುವೆ ಮೇಲೆ ಹೋಯಿತು, ಕೆಳಗೆ ಹೈವೇಯಲ್ಲಿ ಕಾರುಗಳು ಓಡ್ತಿದ್ದವು. ಅದನ್ನ ನಿನ್ನೆಯಿಂದ ನಾಲ್ಕು ಸಲ ಹೇಳಿದ್ದಾರೆ. ಅಮ್ಮನಿಗೂ ತೋರಿಸಿದರಂತೆ.

ಅಮ್ಮ ವ್ಹೀಲ್‌ಚೇರಿನಲ್ಲಿ ಹೊರಗೆ ಬಂದಾಗ ನಾನು ಮೊದಲು ನೋಡಿದ್ದು ಅವರ ಪಾದ. ಊದಿರಲಿಲ್ಲ. ಚಪ್ಪಲಿಯ ಪಟ್ಟಿ ಸಡಿಲವಾಗೇ ಇತ್ತು. ಉಪ್ಪಿನಕಾಯಿ ಬಂದಿದೆ, ತುಪ್ಪ ಅಣ್ಣನ ಫ್ರಿಜ್‌ನಲ್ಲಿದೆ.

ಹೇಗ್‌ನ ಸೊಸೆಯವರು ಹೇಳಿದ ಹಾಗೆ ವಾಪಸ್ ಹೋಗೋಕೆ ರೈಲು ಬುಕ್ ಮಾಡಿದ್ದೇನೆ. ಅದರಲ್ಲೂ ಅಪ್ಪನಿಗೆ ಒಂದು ವಿವರ ಬೇಕಂತೆ. ಸಮುದ್ರದ ಕೆಳಗಿನ ಸುರಂಗದಲ್ಲಿ ಎಷ್ಟು ಹೊತ್ತು?

ಉತ್ತರ 6 — ಸೊಸೆ, ಹೇಗ್

ಅಮ್ಮನ ಕಾಲು ಊದಲಿಲ್ಲ ಅಂತ ಓದಿ ತುಂಬಾ ಸಮಾಧಾನ ಆಯ್ತು. ಸುರಂಗ 50.45 ಕಿಲೋಮೀಟರ್, ಅದರಲ್ಲಿ ಸಮುದ್ರದ ಕೆಳಗೆ ಇರೋದು 38ರ ಹತ್ತಿರ. ಒಳಗೆ ರೈಲು ಗಂಟೆಗೆ 160 ದಾಟಲ್ಲ. ಸುಮಾರು 20 ನಿಮಿಷ. ಕಿಟಕಿ ಕಪ್ಪಾದ ಕೂಡಲೇ ಗಡಿಯಾರ ನೋಡಿಕೊಳ್ಳೋಕೆ ಹೇಳಿ.

ಮತ್ತೆ — ಮೇಷ್ಟ್ರ ಮಗಳು

ಹೇಳಿದೆ. ನೋಟ್‌ಬುಕ್‌ನ ಮುಂದಿನ ಪುಟದಲ್ಲಿ ಈಗಲೇ ಗೆರೆ ಹಾಕಿಟ್ಟುಕೊಂಡರು.